ಹತ್ತಿಯ ಬೆಲೆ, ಕೂಲಿಯ ಬೆಲೆ

ಪರದೇಶ ವ್ಯಾಪಾರದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷಗಳು ಏಳುವುದುಂಟು. ರಫ್ತು ಹೆಚ್ಚಿದರೆ ದೇಶಕ್ಕೆ ಹಣ ಬರುತ್ತದೆ, ಹಣ ಬಂದರೆ ಕೂಲಿಗಾರನಿಗೂ ಒಳ್ಳೆಯದಾಗುತ್ತದೆ ಎಂಬುದು ಒಂದು ಪಕ್ಷ. ವ್ಯಾಪಾರವೆಂಬುದು ಉಳ್ಳವನನ್ನು ಮತ್ತಷ್ಟು ಉಳ್ಳವನನ್ನಾಗಿಯೂ, ಬಡವನನ್ನು ಮತ್ತಷ್ಟು ಬಡವನನ್ನಾಗಿಯೂ ಮಾಡತಕ್ಕದ್ದು ಎಂಬುದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಅಂಕಿಗಳನ್ನು ತೋರಿಸುತ್ತಾರೆ. ಎರಡು ಪಕ್ಷದವರ ಅಂಕಿಗಳೂ ಸುಳ್ಳಲ್ಲ. ಇಂಥ ವಿವಾದದಲ್ಲಿ ಇತಿಹಾಸದ ವ್ಯಾಸಂಗ ಮಾಡಿದವರಿಂದ ಆಗಬಹುದಾದ ಉಪಕಾರ ಒಂದುಂಟು. ನಡೆದುಹೋದ ಒಂದು ಪ್ರಸಂಗವನ್ನು ಎತ್ತಿಕೊಂಡು, ಹಣ ಎಲ್ಲಿ ಹುಟ್ಟಿತು, ಯಾವ ಯಾವ ಕೈಗಳನ್ನು ದಾಟಿತು, ಕೊನೆಗೆ ಯಾರ ಮನೆಯಲ್ಲಿ ನಿಂತಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡುವುದೇ ಆ ಉಪಕಾರ. ಅಂಥ ಒಂದು ಪ್ರಸಂಗ 1861ರಿಂದ 1865ರ ವರೆಗೆ ನಡೆಯಿತು. ಅದರ ಒಂದು ತುದಿ ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ. ಇನ್ನೊಂದು ತುದಿ ನಮ್ಮ ಧಾರವಾಡ ಸೀಮೆಯ ಎರೆಯ ಹೊಲಗಳಲ್ಲಿ. ಎರಡನ್ನೂ ಕಟ್ಟಿದ್ದ ನೂಲು ಹತ್ತಿಯದು.

ಮೊದಲು ಸಂದರ್ಭವನ್ನು ತಿಳಿಯೋಣ. 1860ರ ಸುಮಾರಿನಲ್ಲಿ ಲ್ಯಾಂಕಷೈರಿನ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಹೆಚ್ಚು ಕಡಿಮೆ ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿತ್ತು. ಅಲ್ಲಿ ಸುಮಾರು 40 ಲಕ್ಷ ಜನರು ಗುಲಾಮರಾಗಿದ್ದರು. ಅವರ ದುಡಿಮೆಗೆ ಕೂಲಿಯೆಂಬುದೇ ಇರಲಿಲ್ಲ. ಲೋಕದಲ್ಲೆಲ್ಲ ಹೆಸರಾದ ಮ್ಯಾಂಚೆಸ್ಟರಿನ ಅಗ್ಗದ ಬಟ್ಟೆಯ ಬೆಲೆಯನ್ನು ಲೆಕ್ಕ ಹಾಕುವಾಗ ಈ ಸೊನ್ನೆಯನ್ನು ಮರೆಯಬಾರದು. ಒಂದೇ ದೇಶದ ಮೇಲೆ ಇಷ್ಟು ಭಾರ ಹಾಕುವುದು ಅಪಾಯವೆಂದು ಇಂಗ್ಲೆಂಡಿನ ವರ್ತಕರಿಗೆ ಆಗಲೇ ಅನ್ನಿಸಿತ್ತು. ಈಸ್ಟ್ ಇಂಡಿಯಾ ಕಂಪೆನಿಯವರು 1840ರಲ್ಲಿ ಅಮೆರಿಕದಿಂದ ಹತ್ತು ಮಂದಿ ತೋಟಗಾರರನ್ನು ಕರೆಸಿ ಹಿಂದೂದೇಶದ ಬೇರೆ ಬೇರೆ ಕಡೆ ಪರೀಕ್ಷೆ ಮಾಡಿಸಿದರು. ಬಹುಪಾಲು ಕಡೆ ಆ ಪ್ರಯತ್ನ ಕೈಗೂಡಲಿಲ್ಲ. ಕೈಗೂಡಿದ ಕೆಲವೇ ಸ್ಥಳಗಳಲ್ಲಿ ಧಾರವಾಡ ಮುಖ್ಯವಾದುದು. ನ್ಯೂ ಆರ್ಲಿಯನ್ಸಿನ ಬೀಜ ಅಲ್ಲಿಯ ಕಪ್ಪು ನೆಲದಲ್ಲಿ ಬೇರೂರಿ 'ಧಾರವಾಡ ಅಮೆರಿಕನ್' ಎಂಬ ಹೆಸರನ್ನು ಪಡೆಯಿತು. ಆ ಹತ್ತಿಯ ಎಳೆ ಬೀಜಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ನಮ್ಮ ಹಳೆಯ ರಾಟೆಯಲ್ಲಿ ಬೀಜ ಬಿಡಿಸುವುದು ಕಷ್ಟವಾಯಿತು. ಅದಕ್ಕಾಗಿ ಗರಗಸದ ಹಲ್ಲುಳ್ಳ ಯಂತ್ರಗಳೂ ಬಂದುವು. ಆದರೂ ರೈತರು ಹಳೆಯ ದೇಶೀ ಹತ್ತಿಯನ್ನು ಬಿಡಲಿಲ್ಲ. ಅದು ಘಟ್ಟವನ್ನಿಳಿದು ಕುಮಟೆಯ ಬಂದರಿನಿಂದ ಬೊಂಬಾಯಿಗೆ ಹೋಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ 'ಕುಮಟಾ' ಎಂದೇ ಹೆಸರಾಯಿತು.

1861ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಪ್ರಾರಂಭವಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿತು. ಲಿವರ್‌ಪೂಲಿಗೆ ಹತ್ತಿಯ ಹಡಗುಗಳು ಬರುವುದು ಬಹುಮಟ್ಟಿಗೆ ನಿಂತಿತು. ಇದರ ಪರಿಣಾಮವನ್ನು ಮೊದಲು ಅಲ್ಲಿಯ ಕೂಲಿಗಾರರ ಮನೆಗಳಲ್ಲಿ ನೋಡೋಣ. 1862ರ ಕೊನೆಯ ಹೊತ್ತಿಗೆ ಹತ್ತಿ ಕೈಗಾರಿಕೆಯ ಪ್ರಾಂತದಲ್ಲಿ ಸುಮಾರು 5 ಲಕ್ಷ ಜನರು ಧರ್ಮದ ಅನ್ನಕ್ಕೆ ಕೈಯೊಡ್ಡಬೇಕಾಯಿತು. ಆದರೆ ಅದೇ ಊರುಗಳಲ್ಲಿ, ಅದೇ ತಿಂಗಳುಗಳಲ್ಲಿ ಲಾಭ ಮಾಡಿಕೊಂಡವರೂ ಇದ್ದರು. 1859 ಮತ್ತು 1860ರಲ್ಲಿ ಗಿರಣಿಗಳು ಬೇಡಿಕೆಯನ್ನು ಮೀರಿ ಬಟ್ಟೆ ನೇಯ್ದಿದ್ದುವು. ಆ ದಾಸ್ತಾನು ಇದ್ದವರಿಗೆ ಯುದ್ಧವೇ ವರವಾಯಿತು. ಮಾರಾಟವಾಗದೆ ಬಿದ್ದಿದ್ದ ಸರಕು ಏರಿದ ಬೆಲೆಗೆ ಹೋಯಿತು. ದೊಡ್ಡ ಬಂಡವಾಳಗಾರನು ಗಿರಣಿಯ ಬಾಗಿಲು ಮುಚ್ಚಿ ಕಾದು ಕುಳಿತನು. ಕಾಯಲಾರದ ಸಣ್ಣ ಗಿರಣಿಗಾರನು ಮುಳುಗಿದನು. ಕೂಲಿಗಾರನಂತೂ ಒಂದು ವಾರವನ್ನೂ ಕಾಯುವಂತಿರಲಿಲ್ಲ.

ಕೆಲಸ ಉಳಿದವರ ಸ್ಥಿತಿಯೂ ಚೆನ್ನಾಗಿರಲಿಲ್ಲ. ಅಮೆರಿಕದ ಹತ್ತಿಗೆ ಬದಲು ಬಂದುದು ಪಶ್ಚಿಮ ಹಿಂದೂಸ್ಥಾನದ ಹತ್ತಿ. ಅದು ಯಾವ ಜಿಲ್ಲೆಯದಾದರೂ ಅಲ್ಲಿ ಅದಕ್ಕೆ 'ಸೂರತ್' ಎಂದೇ ಹೆಸರು. ಅದರ ಎಳೆ ಮೋಟು. ಮಗ್ಗದ ಮೇಲೆ ಪದೇ ಪದೇ ಹರಿಯುತ್ತಿತ್ತು. ನೇಕಾರರಿಗೆ ನೇಯ್ದಷ್ಟಕ್ಕೆ ಕೂಲಿ. ಆದಕಾರಣ ದಿನವೆಲ್ಲ ದುಡಿದರೂ ಮೊದಲಿನ ಸಂಪಾದನೆ ಕೈಗೆ ಹತ್ತುತ್ತಿರಲಿಲ್ಲ. ಹತ್ತಿಯನ್ನು ಕರುಣಿಸೆಂದು ಪಾದ್ರಿ ದೇವರಲ್ಲಿ ಬೇಡುತ್ತಿರುವಾಗ, ಸೂರತ್ ಹತ್ತಿ ಮಾತ್ರ ಬೇಡವೆಂದು ಸಭೆಯಿಂದ ಒಬ್ಬನು ಸೇರಿಸಿದನೆಂಬ ಕಥೆ ಆ ಪ್ರಾಂತದಲ್ಲಿ ಬಹಳ ಕಾಲ ಉಳಿಯಿತು. ಧಾರವಾಡದ ರೈತನಿಗೆ ಭಾಗ್ಯ ತಂದ ಹತ್ತಿಯೇ ಲ್ಯಾಂಕಷೈರಿನ ನೇಕಾರನ ಕೂಲಿಯನ್ನು ಇಳಿಸಿತು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಬ್ಬರಿಗೊಬ್ಬರು ಕೇಡು ಬಯಸಿದವರೂ ಅಲ್ಲ.

ಆ ನೇಕಾರರ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕೂಲಿಗಾರರು ಸಭೆ ಸೇರಿ, ತಮ್ಮ ಅನ್ನಕ್ಕೆ ಕಲ್ಲು ಬಿದ್ದಿದ್ದರೂ ಗುಲಾಮಗಿರಿಯ ವಿರುದ್ಧ ನಿಂತ ಉತ್ತರದ ಪಕ್ಷಕ್ಕೆ ಬೆಂಬಲವನ್ನು ಸೂಚಿಸಿದರು. ಅಧ್ಯಕ್ಷ ಲಿಂಕನ್ನರು ಮುಂದಿನ ತಿಂಗಳಲ್ಲೇ ಅವರಿಗೆ ಕೃತಜ್ಞತೆಯ ಪತ್ರವನ್ನು ಬರೆದರು. ಆದರೆ ತಾಳ್ಮೆಗೂ ಮಿತಿಯುಂಟು. 1863ರ ಮಾರ್ಚಿಯಲ್ಲಿ ಸ್ಟೇಲಿಬ್ರಿಜ್ ಎಂಬ ಊರಿನಲ್ಲಿ ಧರ್ಮದ ಹಣವನ್ನು ನಾಣ್ಯವಾಗಿ ಕೊಡದೆ ಚೀಟಿಯಾಗಿ ಕೊಟ್ಟಾಗ ದೊಂಬಿಯೆದ್ದಿತು. ಆ ವರ್ಷವೇ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ, ಚರಂಡಿ, ರಸ್ತೆ, ಉದ್ಯಾನಗಳ ಕೆಲಸಕ್ಕಾಗಿ ಆ ಊರುಗಳಿಗೆ ಸಾಲ ಕೊಡಿಸಿತು. ದಾನಕ್ಕಿಂತ ಕೆಲಸ ಮೇಲು ಎಂಬುದನ್ನು ಕೂಲಿಗಾರರೇ ಅಧಿಕಾರಿಗಳಿಗೆ ಕಲಿಸಿದರೆನ್ನಬಹುದು.

ಇನ್ನು ನಮ್ಮ ಕಡೆಗೆ ತಿರುಗೋಣ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಗಾದೆ ಆ ಕಾಲದಲ್ಲಿ ಅಕ್ಷರಶಃ ನಿಜವಾಯಿತು. ಲಿವರ್‌ಪೂಲಿನಲ್ಲಿ ಒಂದು ರಾತ್ತಲಿಗೆ 7 ಪೆನ್ನಿಯ ಆಸುಪಾಸಿನಲ್ಲಿದ್ದ ಅಮೆರಿಕದ ಹತ್ತಿ 1864ರ ಬೇಸಿಗೆಯಲ್ಲಿ 30 ಪೆನ್ನಿಯನ್ನು ದಾಟಿತು. ಸೂರತ್ ಹತ್ತಿಯೂ ಅದರ ಬೆನ್ನಹಿಂದೆಯೇ ಏರಿತು. ಹಿಂದೂದೇಶದಿಂದ ರಫ್ತಾದ ಹತ್ತಿಯ ಬೆಲೆ 1859–60ರಲ್ಲಿ ಸುಮಾರು 55 ಲಕ್ಷ ಪೌಂಡುಗಳಷ್ಟಿದ್ದುದು 1864–65ರಲ್ಲಿ 3 ಕೋಟಿ 70 ಲಕ್ಷ ಪೌಂಡುಗಳನ್ನು ಮೀರಿತು. ಹೊರಗೆ ಹೋದ ಹತ್ತಿಯ ತೂಕ ಇಷ್ಟು ಪಟ್ಟು ಹೆಚ್ಚಲಿಲ್ಲ. ಹೆಚ್ಚಿದ್ದು ಮುಖ್ಯವಾಗಿ ಬೆಲೆ. ಎಂದರೆ, ದುಡಿಮೆಗೆ ತಕ್ಕ ಪ್ರತಿಫಲಕ್ಕಿಂತ ಬಹಳ ಮಿಗಿಲಾದ ಹಣ ಒಮ್ಮೆಗೇ ಈ ದೇಶಕ್ಕೆ ಹರಿದುಬಂದಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಆಧಿಪತ್ಯದಿಂದ ಬೊಂಬಾಯಿ ಆಧಿಪತ್ಯಕ್ಕೆ ಸೇರಿಸಿದುದಕ್ಕೂ ಕಾರವಾರದ ಬಂದರಿನ ಮೂಲಕ ಈ ಹತ್ತಿಯನ್ನು ಸಾಗಿಸುವ ಹಂಬಲಕ್ಕೂ ಸಂಬಂಧವುಂಟು. ಮ್ಯಾಂಚೆಸ್ಟರಿನ ಅವಶ್ಯಕತೆ ನಮ್ಮ ಜಿಲ್ಲೆಗಳ ಗಡಿಯನ್ನೇ ಸರಿಸಿತು.

ಆ ಹಣ ಯಾರದಾಯಿತು? ಹೊಲದಿಂದ ಲಿವರ್‌ಪೂಲಿನ ವರೆಗಿನ ದಾರಿಯನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ರೈತನು ಬಿತ್ತನೆಗೂ ಕಂದಾಯಕ್ಕೂ ಸಾಹುಕಾರನಿಂದ ಮುಂಗಡ ತರುತ್ತಿದ್ದನು. ಅನೇಕ ವೇಳೆ ಬೆಳೆ ಗಿಡದಲ್ಲಿರುವಾಗಲೇ ಅದರ ಧಾರಣೆ ಗೊತ್ತಾಗಿಬಿಡುತ್ತಿತ್ತು. ಅಲ್ಲಿಂದ ದಲ್ಲಾಳಿ, ಅಲ್ಲಿಂದ ಪೇಟೆಯ ವರ್ತಕ, ಬಂಡಿಯ ಬಾಡಿಗೆ, ಬಂದರಿನ ಖರ್ಚು, ಬೊಂಬಾಯಿಯ ರಫ್ತುದಾರ, ಕೊನೆಗೆ ಆಫ್ರಿಕವನ್ನು ಸುತ್ತಿಹೋಗುವ ಹಡಗು. ಸೂಯೆಜ್ ಕಾಲುವೆ ತೆರೆದುದು 1869ರಲ್ಲಿ. ಇಂಗ್ಲೆಂಡಿನೊಡನೆ ತಂತಿಯ ಸಂಪರ್ಕ ಏರ್ಪಟ್ಟುದು 1865ರಲ್ಲಿ. ಅಲ್ಲಿಯ ವರೆಗೆ ಲಿವರ್‌ಪೂಲಿನ ಧಾರಣೆ ಬೊಂಬಾಯಿಗೆ ತಿಳಿಯುವುದಕ್ಕೆ ವಾರಗಳು ಬೇಕಾಗುತ್ತಿದ್ದುವು. ಹಳ್ಳಿಗೆ ತಿಳಿಯುವುದಕ್ಕೆ ಇನ್ನೂ ತಡ. ಸುದ್ದಿ ಮೊದಲು ತಲುಪಿದವನಿಗೆ ಲಾಭವೂ ಮೊದಲು ತಲುಪಿತು. ದುರಾಸೆಯೂ ಬೆಳೆಯಿತು. ತೂಕ ಹೆಚ್ಚಿಸುವುದಕ್ಕಾಗಿ ಹತ್ತಿಗೆ ನೀರು ಚಿಮುಕಿಸುವುದು, ಬೀಜವನ್ನೂ ಮಣ್ಣನ್ನೂ ಬೆರೆಸುವುದು ಎಷ್ಟು ಹೆಚ್ಚಿತೆಂದರೆ, ಬೊಂಬಾಯಿ ಸರ್ಕಾರದವರು 1863ರಲ್ಲಿ ಹತ್ತಿಯ ಮೋಸವನ್ನು ತಡೆಯುವುದಕ್ಕೆಂದೇ ಒಂದು ಕಾಯಿದೆಯನ್ನು ತಂದರು.

ಇಷ್ಟಾದರೂ ರೈತನಿಗೆ ಏನೂ ದಕ್ಕಲಿಲ್ಲವೆಂದು ಹೇಳುವುದು ಸರಿಯಲ್ಲ. ಸ್ವಂತ ಹೊಲವಿದ್ದು ಸಾಲದ ಹೊರೆ ಹಗುರವಾಗಿದ್ದವರು ನಿಜವಾಗಿಯೂ ಸುಖ ಕಂಡರು. ಹಳೆಯ ಸಾಲ ತೀರಿತು, ಎತ್ತುಗಳು ಬಂದುವು, ಮದುವೆಗಳು ವಿಜೃಂಭಣೆಯಿಂದ ನಡೆದುವು. ಬಂಡಿಯ ಚಕ್ರಗಳಿಗೆ ಕಬ್ಬಿಣದ ಬದಲು ಬೆಳ್ಳಿಯ ಪಟ್ಟಿ ಹಾಕಿಸಿದವರಿದ್ದರೆಂದು ದಖ್ಖಣದಲ್ಲಿ ಕಥೆ ಹೇಳುತ್ತಿದ್ದರು. ಕಥೆಯನ್ನು ಕಥೆಯೆಂದೇ ಇಟ್ಟುಕೊಂಡರೂ, ಕೇಳಿದವರು ಅದನ್ನು ನಂಬಿದರೆಂಬುದೇ ಆ ಕಾಲದ ಉಬ್ಬರವನ್ನು ತಿಳಿಸುತ್ತದೆ.

ಭೂಮಿಯಿಲ್ಲದ ಕೂಲಿಗಾರನ ವಿಷಯ ಬೇರೆ. ಅವನ ಕೂಲಿಯೂ ಏರಿತೆಂಬುದು ನಿಜ. ಹತ್ತಿಯ ಕೆಲಸದ ಜೊತೆಗೆ ರೈಲುಮಾರ್ಗ, ರಸ್ತೆ, ಬೊಂಬಾಯಿಯ ಕಟ್ಟಡಗಳು ಎಲ್ಲವೂ ಒಟ್ಟಿಗೆ ಆಳುಗಳನ್ನು ಬೇಡುತ್ತಿದ್ದುವು. ಆದರೆ ಕೂಲಿಯನ್ನು ಆಣೆಯಲ್ಲಿ ಅಳೆಯುವುದು ಒಂದು, ಜೋಳದಲ್ಲಿ ಅಳೆಯುವುದು ಇನ್ನೊಂದು. ಹತ್ತಿಯನ್ನೂ ಜೋಳವನ್ನೂ ಬೆಳೆಯತಕ್ಕದ್ದು ಒಂದೇ ಎರೆಯ ನೆಲ. ಹತ್ತಿ ಹಬ್ಬಿದಲ್ಲಿ ಜೋಳಕ್ಕೆ ಜಾಗ ಕುಗ್ಗಿತು. ಹೊರಗಿನಿಂದ ಬಂದ ಬೆಳ್ಳಿ ಪೇಟೆಯಲ್ಲಿ ತುಂಬಿಕೊಂಡು ಎಲ್ಲ ಪದಾರ್ಥಗಳ ಬೆಲೆಯೂ ಏರಿತು. ಕೂಲಿಯ ಒಂದು ಭಾಗವನ್ನು ಕಾಳಿನ ರೂಪದಲ್ಲಿ ಪಡೆಯುತ್ತಿದ್ದವನು ಹೇಗೋ ಉಳಿದುಕೊಂಡನು. ಬರಿಯ ದುಡ್ಡಿನ ಕೂಲಿಯನ್ನು ನಂಬಿದವನ ಕೈಯಲ್ಲಿ ಆಣೆಗಳು ಹೆಚ್ಚಾದುವು. ಗಡಿಗೆಯಲ್ಲಿ ಹಿಟ್ಟು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ.

ನೂಲುವವರ ಮತ್ತು ನೇಯುವವರ ಕಥೆ ಇನ್ನೂ ತೊಡಕಾದುದು. ಕೈನೂಲು ಹಿಂದೆ ಮನೆಮನೆಯ ಹೆಂಗಸರ ಸಂಪಾದನೆಯಾಗಿತ್ತು. ವಿಧವೆಯರಿಗೂ ವೃದ್ಧೆಯರಿಗೂ ಅದೇ ಆಧಾರ. ಇಂಗ್ಲೆಂಡಿನ ಯಂತ್ರದ ನೂಲು ಆಮದಾಗತೊಡಗಿದ ಮೇಲೆ ಆ ಸಂಪಾದನೆ ಯುದ್ಧಕ್ಕೆ ಬಹಳ ಮುಂಚೆಯೇ ಕ್ಷೀಣಿಸಿತ್ತು. ಹೆಂಗಸರ ಕೂಲಿ ಯಾವ ಲೆಕ್ಕದ ಪುಸ್ತಕದಲ್ಲಿಯೂ ದಾಖಲಾಗದೆ ಇದ್ದುದರಿಂದ ಅದು ಹೋದದ್ದೂ ದಾಖಲಾಗಲಿಲ್ಲ. ನೇಕಾರನ ಸ್ಥಿತಿ ಹಾಗಲ್ಲ. ಪರದೇಶದ ಅಗ್ಗದ ಬಟ್ಟೆ ಅವನಿಗೆ ಶತ್ರು. ಪರದೇಶದ ಅಗ್ಗದ ನೂಲು ಅವನಿಗೆ ಮಿತ್ರ. ಯುದ್ಧದ ವರ್ಷಗಳಲ್ಲಿ ಹತ್ತಿಯೂ ನೂಲೂ ತುಟ್ಟಿಯಾಗಿ, ಊಟವನ್ನೇ ನೋಡಿಕೊಳ್ಳಬೇಕಾದ ಜನರು ಹೊಸ ಬಟ್ಟೆಯನ್ನು ಮುಂದಕ್ಕೆ ಹಾಕಿದಾಗ, ಮಗ್ಗಗಳು ನಿಂತುವು. ನೇಕಾರರಲ್ಲಿ ಅನೇಕರು ಮಣ್ಣು ಹೊರುವ ಕೂಲಿಗೆ ಹೋದರು. ಹೊಲದವನಿಗೆ ಯಾವ ಬೆಲೆ ಹಬ್ಬವಾಯಿತೋ, ಅದೇ ಬೆಲೆ ಅದೇ ಊರಿನ ಮಗ್ಗದವನಿಗೆ ಉಪವಾಸವಾಯಿತು.

ಬೊಂಬಾಯಿಯಲ್ಲಿ ಕಂಡ ನೋಟವೇ ಬೇರೆ. ಹತ್ತಿಯ ಲಾಭ ಅಲ್ಲಿ ಬ್ಯಾಂಕುಗಳಾಗಿ, ಷೇರುಗಳಾಗಿ, ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪೆನಿಗಳಾಗಿ ಮಾರ್ಪಟ್ಟಿತು. ಪ್ರೇಮಚಂದ ರಾಯಚಂದರ ಹೆಸರು ಮನೆಮಾತಾಯಿತು. 1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾನಿ ಲೀ ಶರಣಾದನು. ಹತ್ತಿಯ ಬೆಲೆ ಕುಸಿಯಿತು. ಷೇರುಗಳ ಲೆಕ್ಕ ತೀರಿಸಬೇಕಾಗಿದ್ದ ಜುಲೈ 1ರಂದು ಆ ಮಹಾಸೌಧವೂ ಕುಸಿಯಿತು. ಹಳೆಯ ಬೊಂಬಾಯಿ ಬ್ಯಾಂಕು ಕೂಡ ಉಳಿಯಲಿಲ್ಲ. ಆದರೂ ಪಟ್ಟಣದ ಶ್ರೀಮಂತರೆಲ್ಲರೂ ನಾಶವಾಗಲಿಲ್ಲ. ವ್ಯಾಪಾರದ ಬಂಡವಾಳದಲ್ಲಿ ಒಂದು ಪಾಲು ಮುಂದೆ ಗಿರಣಿಗಳಾಗಿ ನಿಂತಿತು. ರಾಜಾಬಾಯಿ ಗೋಪುರಕ್ಕೆ ಪ್ರೇಮಚಂದರು ಕೊಟ್ಟ ಹಣ ಇಂದಿಗೂ ಕಲ್ಲಾಗಿ ನಿಂತಿದೆ.

ಹಳ್ಳಿಯಲ್ಲಿ ನಿಂತದ್ದು ಸಾಲ. ಬೆಲೆ ಏರಿದ್ದಾಗ ಸಾಹುಕಾರನು ಧಾರಾಳವಾಗಿ ಸಾಲ ಕೊಟ್ಟಿದ್ದನು. ಬೆಲೆ ಇಳಿದಾಗ ಆ ಸಾಲ ಇಳಿಯಲಿಲ್ಲ. ಅದರ ಮೇಲೆ 1870ರ ದಶಕದಲ್ಲಿ ಕಂದಾಯದ ಪುನರ್ವಿಮರ್ಶೆ ನಡೆದು ಅನೇಕ ಕಡೆ ಭೂಮಿಯ ತೆರಿಗೆ ಏರಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ಎದ್ದರು. ಅಹಮದನಗರದ ಹಳ್ಳಿಗಳಿಗೂ ಹಬ್ಬಿದ ಆ ಗಲಭೆಯಲ್ಲಿ ಜನರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನು. ದಖ್ಖಣದ ರೈತರಿಗೆ ಪರಿಹಾರದ ಕಾಯಿದೆ ಬಂದುದು 1879ರಲ್ಲಿ.

ಅಷ್ಟರೊಳಗೆ 1876ರಲ್ಲಿ ಮಳೆ ತಪ್ಪಿ ಮಹಾಕ್ಷಾಮ ಬಂದಿತು. ಹತ್ತಿಯ ರಫ್ತೇ ಕ್ಷಾಮವನ್ನು ತಂದಿತೆಂದು ಹೇಳಿದರೆ ತಪ್ಪಾಗುತ್ತದೆ. ಹತ್ತಿ ಬೆಳೆಯದ ಸೀಮೆಗಳಲ್ಲಿಯೂ ಜನರು ಸತ್ತರು. ಹಿಂದಿನ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಆದರೆ ಈ ಕ್ಷಾಮ ಒಂದು ಸತ್ಯವನ್ನು ತೋರಿಸಿತು. ಅಂಥ ವರ್ಷಗಳಲ್ಲಿಯೂ ಹಿಂದೂದೇಶದ ಬಂದರುಗಳಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಧಾನ್ಯ ಹೋಗುವುದು ಹಸಿವಿದ್ದ ಕಡೆಗಲ್ಲ, ಹಣವಿದ್ದ ಕಡೆಗೆ. ಜನರ ಕೈಯಲ್ಲಿ ಕೂಲಿಯೆಂಬ ಹಕ್ಕು ಇಲ್ಲದಿದ್ದರೆ ಪೇಟೆಯಲ್ಲಿ ಅಕ್ಕಿಯಿದ್ದೂ ಮನೆಯಲ್ಲಿ ಸಾವು ನುಗ್ಗುತ್ತದೆ ಎಂಬ ತತ್ತ್ವವನ್ನು ಅಮರ್ತ್ಯ ಸೇನರು 1981ರಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಕ್ಷಾಮಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ರಾತ್ತಲು ಧಾನ್ಯದ ಆಧಾರದ ಮೇಲೆ ಇಳಿಸಿದಾಗ, ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅದನ್ನು ಪ್ರತಿಭಟಿಸಿದರು. ಸಾಮ್ರಾಜ್ಯದ ವ್ಯಾಪಾರದ ಲೆಕ್ಕ ಕೋಟಿಗಳಲ್ಲಿತ್ತು. ಅದೇ ಸಾಮ್ರಾಜ್ಯದಲ್ಲಿ ಒಬ್ಬ ಆಳಿನ ಕೂಲಿಯ ಮೇಲಿನ ಚರ್ಚೆ ಹಿಡಿ ಕಾಳುಗಳಲ್ಲಿತ್ತು.

ಇನ್ನು ಈ ಪ್ರಸಂಗಕ್ಕೆ ಅರ್ಥಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ವಿಚಾರಿಸೋಣ. ರಿಕಾರ್ಡೊ 1817ರಲ್ಲಿ ಬರೆದ ಗ್ರಂಥದಿಂದ ತಿಳಿದುಬರುವುದೇನೆಂದರೆ, ಪ್ರತಿಯೊಂದು ದೇಶವೂ ತನಗೆ ತುಲನೆಯಲ್ಲಿ ಸುಲಭವಾದುದನ್ನು ಮಾಡಿ ಮಿಕ್ಕದ್ದನ್ನು ಕೊಂಡರೆ ಎರಡು ದೇಶಗಳಿಗೂ ಲಾಭ. ಇದು ನಿಜ. ಆದರೆ ದೇಶಕ್ಕೆ ಲಾಭವಾಯಿತೆಂದರೆ ದೇಶದಲ್ಲಿ ಪ್ರತಿಯೊಬ್ಬನಿಗೂ ಲಾಭವಾಯಿತೆಂದು ಅರ್ಥವಲ್ಲ. 1941ರಲ್ಲಿ ಸ್ಟೋಲ್ಪರ್ ಮತ್ತು ಸ್ಯಾಮ್ಯುಯೆಲ್ಸನ್ ಎಂಬಿಬ್ಬರು ಈ ಮಾತನ್ನು ಗಣಿತದಿಂದ ಸಾಧಿಸಿದರು. ಯಾವ ಸರಕಿನ ಬೆಲೆ ಏರುತ್ತದೆಯೋ ಆ ಸರಕಿಗೆ ಹೆಚ್ಚಾಗಿ ಬೇಕಾದ ಸಾಧನದ ಒಡೆಯನು ಗೆಲ್ಲುತ್ತಾನೆ. ಇನ್ನೊಂದು ಸಾಧನದ ಒಡೆಯನು ಸೋಲುತ್ತಾನೆ. ರಫ್ತಾಗುವುದು ನೆಲದ ಬೆಳೆಯಾದರೆ ಗೆಲ್ಲುವವನು ನೆಲದ ಒಡೆಯ. ತೋಳಿನ ದುಡಿಮೆಯ ಸರಕಾದರೆ ಗೆಲ್ಲತಕ್ಕವನು ದುಡಿಮೆಗಾರ. ಇತಿಹಾಸಕಾರ ಜೆಫ್ರಿ ವಿಲಿಯಮ್ಸನ್ ಮತ್ತು ಅವರ ಸಂಗಡಿಗರು ಮೊದಲನೆಯ ಮಹಾಯುದ್ಧಕ್ಕೆ ಹಿಂದಿನ ದಶಕಗಳ ಲೆಕ್ಕಗಳನ್ನು ಕೂಡಿಸಿ ಇದನ್ನೇ ಕಂಡರು. ಪಂಜಾಬು, ಬರ್ಮ, ಸಯಾಂ, ಅರ್ಜೆಂಟೀನ ಮೊದಲಾದ ಬೆಳೆ ರಫ್ತುಮಾಡುವ ನಾಡುಗಳಲ್ಲಿ ಭೂಮಿಯ ಬೆಲೆಗೆ ಹೋಲಿಸಿದರೆ ಕೂಲಿ ಹಿಂದೆ ಬಿದ್ದಿತು. 1846ರಲ್ಲಿ ಧಾನ್ಯದ ಸುಂಕವನ್ನು ತೆಗೆದುಹಾಕಲು ತೀರ್ಮಾನಿಸಿದ ಇಂಗ್ಲೆಂಡಿನಲ್ಲಿ ಇದಕ್ಕೆ ವಿರುದ್ಧವಾಗಿ, ಅಗ್ಗದ ರೊಟ್ಟಿಯಿಂದ ಕೂಲಿಗಾರನು ಮೇಲೆದ್ದು ಜಮೀನುದಾರನು ಇಳಿದನು.

ಈಚಿನ ಸಂಶೋಧನೆಗಳು ಈ ಚಿತ್ರಕ್ಕೆ ಇನ್ನೂ ಕೆಲವು ರೇಖೆಗಳನ್ನು ಸೇರಿಸಿವೆ. ರಫ್ತುಮಾಡುವ ಕಾರ್ಖಾನೆಗಳು ಮಿಕ್ಕವುಗಳಿಗಿಂತ ಹೆಚ್ಚು ವೇತನ ಕೊಡುತ್ತವೆಯೆಂದು 1995ರಲ್ಲಿ ಬರ್ನಾರ್ಡ್ ಮತ್ತು ಜೆನ್ಸನ್ ಅಮೆರಿಕದ ಲೆಕ್ಕಗಳಿಂದ ತೋರಿಸಿದರು. ಆದಕಾರಣ ಒಂದೇ ಕಸುಬಿನ ಇಬ್ಬರಲ್ಲಿ ಕೂಡ ಅಂತರ ಹುಟ್ಟಬಹುದು. 1991ರ ತರುವಾಯ ನಮ್ಮ ದೇಶ ಸುಂಕಗಳನ್ನು ಇಳಿಸಿದಾಗ, ಆಮದಿನ ಪೈಪೋಟಿಗೆ ಹೆಚ್ಚಾಗಿ ಸಿಕ್ಕಿದ ಗ್ರಾಮಾಂತರ ಜಿಲ್ಲೆಗಳಲ್ಲಿ ಬಡತನ ಇಳಿದದ್ದು ನಿಧಾನವಾಗಿ ಎಂದು ಪೆತಿಯಾ ತೋಪಲೋವಾ 2010ರಲ್ಲಿ ನಿರೂಪಿಸಿದರು. ಕಾರಣ ಸರಳವಾದುದು: ಪುಸ್ತಕದಲ್ಲಿ ಕೂಲಿಗಾರನು ಸೋತ ಕಸುಬಿನಿಂದ ಗೆದ್ದ ಕಸುಬಿಗೆ ಒಂದು ವಾಕ್ಯದಲ್ಲಿ ದಾಟುತ್ತಾನೆ, ಬಾಳಿನಲ್ಲಿ ಅವನಿಗೆ ಮನೆ, ಸಾಲ, ಜಾತಿ, ವಯಸ್ಸು, ಕಲಿತ ಕೈ ಎಲ್ಲವೂ ಕಾಲಿಗೆ ತೊಡರುತ್ತವೆ. ಬೆಟಗೇರಿಯ ನೇಕಾರನಿಗೆ ನೇಗಿಲು ಹಿಡಿಯಲು ಬಾರದು. ಬಂದರೂ ಹೊಲ ಇಲ್ಲ.

ಹಾಗಾದರೆ ಬಂದರುಗಳನ್ನು ಮುಚ್ಚಬೇಕೇ? ಇತಿಹಾಸ ಹಾಗೆ ಹೇಳುವುದಿಲ್ಲ. ಬಂದರು ಮುಚ್ಚಿದಾಗ ಏನಾಗುತ್ತದೆಂಬುದನ್ನು ಲ್ಯಾಂಕಷೈರಿನ 5 ಲಕ್ಷ ಜನರು ಅನುಭವಿಸಿ ತೋರಿಸಿದರು. ನಮಗೆ ಕಾಣುವ ಪಾಠ ಬೇರೆ. ವ್ಯಾಪಾರ ಹಣವನ್ನು ತರುತ್ತದೆ. ಹಂಚುವುದು ಅದರ ಕೆಲಸವಲ್ಲ. ಹಂಚುವುದನ್ನು ನಿರ್ಧರಿಸುವುದು ಭೂಮಿ ಯಾರದು, ಸಾಲ ಯಾರದು, ಸುದ್ದಿ ಯಾರಿಗೆ ಮೊದಲು ತಲುಪುತ್ತದೆ, ಕೂಲಿಗಾರನಿಗೆ ಕಾಯುವ ಶಕ್ತಿಯುಂಟೇ, ಒಟ್ಟಾಗಿ ಬಾಯಿಬಿಡುವ ಹಕ್ಕುಂಟೇ ಎಂಬ ವಿಷಯಗಳು. ಹತ್ತಿಯ ಲಾಭದಿಂದ ಬೆಳೆದ ಬೊಂಬಾಯಿಯ ಗಿರಣಿಗಳಲ್ಲಿ ಕೂಲಿಗಾರರಿಗೆ ವಾರಕ್ಕೊಂದು ದಿನದ ಬಿಡುವು ಸಹ ರಫ್ತಿನ ಅಂಕಿಗಳಿಂದ ತಾನಾಗಿ ಬರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ಕೂಲಿಗಾರರನ್ನು ಕೂಡಿಸಿ ವರ್ಷಗಟ್ಟಲೆ ಕೇಳಿದ ಮೇಲೆ, 1890ರಲ್ಲಿ ಅದು ದೊರೆಯಿತು.

ಧಾರವಾಡ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲ ಬೇಸಿಗೆಯ ಮೊದಲು. ಬಿಸಿಲೇರುವ ಮುಂಚೆ ಹೆಂಗಸರು ಸಾಲಾಗಿ ಹೊಲಕ್ಕಿಳಿದು, ಒಣಗಿದ ಕಾಯಿಯ ಮೊನೆಗೆ ಬೆರಳು ಗೀರಿಸಿಕೊಳ್ಳುತ್ತ ಅರಳೆಯನ್ನು ಉಡಿಗೆ ತುಂಬುತ್ತಾರೆ. 1864ರಲ್ಲಿಯೂ ಹಾಗೆಯೇ ತುಂಬಿದರು. ಆ ವರ್ಷ ಲಿವರ್‌ಪೂಲಿನಲ್ಲಿ ಧಾರಣೆ ಎಷ್ಟಿತ್ತೆಂಬುದನ್ನು ನಾವು ಪೆನ್ನಿಯ ವರೆಗೆ ಹೇಳಬಲ್ಲೆವು. ಆ ಹೆಂಗಸರ ಉಡಿಗೆ ಆ ವರ್ಷ ಬಿದ್ದ ಕೂಲಿ ಎಷ್ಟೆಂದು ಹೇಳಬಲ್ಲ ಗ್ರಂಥಗಳು ಬಹಳ ಕಡಿಮೆ. ಮುಂದೆ ಯಾವ ದೇಶದ ರಫ್ತಿನ ಲೆಕ್ಕವನ್ನು ಓದಿದರೂ, ಕೊನೆಯ ಮೊತ್ತಕ್ಕೆ ಮೊದಲು ಈ ಎರಡನೆಯ ಅಂಕಿಯನ್ನು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.